ಸಹಿ ಇಲ್ಲದ ಲಾಗ್‌ಬುಕ್

"ಕೆಲ್ಸ ಮಾಡೇನ್ರಿ, ಆದ್ರ ಕಾಗದ ಇಲ್ರಿ." ಹುಬ್ಬಳ್ಳಿಯ ನನ್ನ ಸಮಾಲೋಚನೆ ಕೋಣೆಯಲ್ಲಿ ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಲೇ ಇರುತ್ತೇನೆ. ನರ್ಸಿಂಗ್ ಓದುವ ಹುಡುಗಿಯರು, ಬಿ.ಎಡ್. ಮಾಡುವವರು, ಐಟಿಐ ಮುಗಿಸಿ ಅಪ್ರೆಂಟಿಸ್ ಆದವರು, ಎಲ್ಲರೂ ಹೀಗೇ ಹೇಳಿದ್ದಾರೆ. ದುಡಿದಿರುತ್ತಾರೆ. ದುಡಿದದ್ದಕ್ಕೆ ಮೇಲಿನವರ ಸಹಿ ಮಾತ್ರ ತಗೊಂಡಿರುವುದಿಲ್ಲ. ಗಡುವು ಹತ್ತಿರ ಬಂದಾಗ ನಿದ್ದೆ ಹಾರಿಹೋಗುತ್ತದೆ, ಅನ್ನ ಸೇರುವುದಿಲ್ಲ. ಆಗ ಮನೆಯವರು ಕರೆದುಕೊಂಡು ಬರುತ್ತಾರೆ.

ಈ ಸಲ ಬಂದವನು ವಿಮಾನದ ಮೆಕ್ಯಾನಿಕ್ ಆಗಲು ಹೊರಟ ಹುಡುಗ. ಅವನಿಗೆ ನಾನು ಕೊಟ್ಟ ಸಲಹೆ ನನ್ನ ಇಬ್ಬರು ಸಹೋದ್ಯೋಗಿಗಳಿಗೆ ಸರಿ ಬರಲಿಲ್ಲ. ಇದನ್ನು ಬರೆಯಲು ಅದೂ ಒಂದು ಕಾರಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವನ ಒಪ್ಪಿಗೆ ಇದೆ.

ಹಾವೇರಿ ಜಿಲ್ಲೆಯ ಹಳ್ಳಿ, ಮೆಣಸಿನಕಾಯಿ ಬೆಳೆಯುವ ಮನೆ. ಹೊಲ ಒತ್ತೆ ಇಟ್ಟು ಬೆಂಗಳೂರಿನಲ್ಲಿ ಎಎಂಇ, ಅಂದರೆ ವಿಮಾನ ನಿರ್ವಹಣೆಯ ಕೋರ್ಸ್ ಓದಿಸಿದ್ದರು. ಈಗ ಹೊರರಾಜ್ಯದಲ್ಲಿ ವಿಮಾನ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಟ್ರೈನಿ. ಊರಿನವರು ಆಗಲೇ 'ಇಂಜಿನಿಯರ್ ಸಾಹೇಬ್ರು' ಅನ್ನುತ್ತಾರೆ. ರಜೆಗೆ ಬಂದವನು ವಾಪಸ್ ಹೋಗಲು ಒಲ್ಲೆ ಅಂದಾಗ ಅಪ್ಪ ನನ್ನ ಹತ್ತಿರ ಕರೆತಂದರು. ಸಾಲ ಮತ್ತು ನಾಚಿಕೆ ಎರಡೂ ಒಟ್ಟಿಗೆ ಇದ್ದಾಗ ನಾನು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿಬಿಡುತ್ತೇನೆ, "ಸಾಯಬೇಕು ಅನಿಸಿದೆಯಾ?" ಅಂತ. ಅವನಿಗೆ ಹಾಗೆ ಅನಿಸಿರಲಿಲ್ಲ. ಅನಿಸಿದ್ದರೆ ಅವತ್ತೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ರಾತ್ರಿ ಹೊತ್ತು ಬೇಕಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ.

ಲೈಸೆನ್ಸ್ ವಿಷಯ ನನಗೆ ಅವನೇ ಹೇಳಿಕೊಟ್ಟ. ವಿಮಾನ ರಿಪೇರಿಯಾದ ಮೇಲೆ 'ಇದು ಹಾರಬಹುದು' ಅಂತ ಸಹಿ ಹಾಕುವ ಅಧಿಕಾರ ಲೈಸೆನ್ಸ್ ಇದ್ದವರಿಗೆ ಮಾತ್ರ. ನಮ್ಮಲ್ಲಿ ಅದನ್ನು ಕೊಡುವುದು ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಡಿಜಿಸಿಎ. ಸಿಎಆರ್-66 ಅನ್ನುವ ನಿಯಮದ ಪ್ರಕಾರ ಮಾಡ್ಯೂಲ್ ಪರೀಕ್ಷೆಗಳನ್ನು, ಅಂದರೆ ಒಂದೊಂದು ವಿಷಯದ ಪರೀಕ್ಷೆಗಳನ್ನು, ಪಾಸಾದರೆ ಸಾಲದು. ಅವನಿಗೆ ಬೇಕಾಗಿದ್ದದ್ದು ಬಿ1.1 ಲೈಸೆನ್ಸ್, ಅಂದರೆ ಜೆಟ್, ಟರ್ಬೊಪ್ರಾಪ್ ವಿಮಾನಗಳದ್ದು. ಅದಕ್ಕೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿದವರು ಬಳಕೆಯಲ್ಲಿರುವ ವಿಮಾನಗಳ ಮೇಲೆ 2 ವರ್ಷ ಕೆಲಸ ಮಾಡಿರಬೇಕು. ತಾಂತ್ರಿಕ ತರಬೇತಿ ಏನೂ ಇಲ್ಲದವರಿಗೆ ಅದೇ 5 ವರ್ಷ. ಎಲ್ಲವೂ ಲಾಗ್‌ಬುಕ್‌ನಲ್ಲಿ ಬರಬೇಕು. ತಾರೀಖು, ವಿಮಾನದ ರಿಜಿಸ್ಟ್ರೇಷನ್, ಮಾಡಿದ ಕೆಲಸ, ಆ ಕೆಲಸಕ್ಕೆ ಕೊಟ್ಟ ಚೀಟಿಯ (ಟಾಸ್ಕ್ ಕಾರ್ಡ್) ನಂಬರ್, ಮೇಲ್ವಿಚಾರಣೆ ಮಾಡಿದವರ ಸಹಿ. ಅದೂ ಒಂದೇ ಥರದ ಕೆಲಸ ಆದರೆ ನಡೆಯುವುದಿಲ್ಲ. ಚಕ್ರ, ಹೈಡ್ರಾಲಿಕ್ಸ್, ಇಂಜಿನ್, ಹೀಗೆ ಬೇರೆ ಬೇರೆ ಭಾಗಗಳ ಕೆಲಸ ಸೇರಿರಬೇಕು.

ಇವನಿಗೆ 2 ವರ್ಷ ತುಂಬುತ್ತಾ ಬಂದಿತ್ತು. ಲಾಗ್‌ಬುಕ್‌ನ ಅರ್ಧಕ್ಕಿಂತ ಜಾಸ್ತಿ ಪುಟಗಳಲ್ಲಿ ಸಹಿ ಇರಲಿಲ್ಲ.

ಶುರುವಾದದ್ದು ಸಣ್ಣದರಿಂದ. ಒಂದು ದಿನ ಸಹಿ ಕೇಳಿದಾಗ ಸೂಪರ್‌ವೈಸರ್ "ಬಾದ್ ಮೇ", ಆಮೇಲೆ ನೋಡೋಣ, ಅಂದರು. ಇವನ ಹಿಂದಿ ಅಷ್ಟಕ್ಕಷ್ಟೇ. ಮರುದಿನ ಕೇಳಲಿಲ್ಲ. ಆಮೇಲೆ ಎರಡು ದಿನದ್ದು ಒಟ್ಟಿಗೆ ಕೇಳಲು ಇನ್ನಷ್ಟು ಮುಜುಗರ. ತಿಂಗಳು ಕಳೆದ ಮೇಲಂತೂ ಪುಸ್ತಕ ತೆರೆಯಲೂ ಭಯ. ಕೈಸಾಲದ ಬಡ್ಡಿ ಬೆಳೆದ ಹಾಗೆ ಬೆಳೆಯಿತು. ಭಯ ಹುಟ್ಟಿಸುವ ಕೆಲಸವನ್ನು ಮುಂದೂಡಿದಾಗ ಆ ಕ್ಷಣಕ್ಕೆ ಹಾಯ್ ಅನಿಸುತ್ತದೆ. ಆ ಹಾಯ್ ಅನಿಸುವುದೇ ಮುಂದಿನ ಸಲವೂ ಮುಂದೂಡಿಸುತ್ತದೆ. ಇದಕ್ಕೆ ಜನ ಸುಮ್ನೆ ಸೋಮಾರಿತನ ಅಂತ ಹೆಸರಿಡುತ್ತಾರೆ. ಈ ಹುಡುಗ ಸೋಮಾರಿಯಾಗಿದ್ದರೆ ರಾತ್ರಿ ಪಾಳಿ ಮುಗಿಸಿ ಬಂದು ಮಾಡ್ಯೂಲ್‌ಗಳನ್ನು ಪಾಸು ಮಾಡುತ್ತಿದ್ದನೇ?

ಇಷ್ಟರಲ್ಲಿ ರೂಮ್‌ಮೇಟ್ ಒಂದು ದಾರಿ ತೋರಿಸಿದ್ದ. ಖಾಲಿ ಇರುವ ಭಾಗಗಳಿಗೆ ತನ್ನ ಲಾಗ್‌ಬುಕ್ ನೋಡಿ ಕೆಲಸಗಳನ್ನು ಬರೆದುಕೋ, ದುಡ್ಡು ಕೊಟ್ಟರೆ ಎಲ್ಲಕ್ಕೂ ಒಂದೇ ದಿನ ಸಹಿ ಹಾಕುವವರು ಗೊತ್ತು ಅಂತ. ಅಪ್ಪನಿಗೆ ಈ ದಾರಿ ತಪ್ಪು ಅನಿಸಿರಲೇ ಇಲ್ಲ. "ಅಕ್ಕಾರ, ತಾಲೂಕು ಆಫೀಸಿನ್ಯಾಗ ಒಂದು ಉತಾರಕ್ಕ ಎಷ್ಟ ಅಡ್ಡಾಡೇನಿ ನಾನು. ಇದೂ ಅಂಥಾದ್ದ ಅಲ್ರಿ? ಎಷ್ಟ ಕೊಡಬೇಕಂತ ಇವ ಹೇಳವಲ್ಲ" ಅಂದರು.

ಮುಂದಿನ ಭೇಟಿಗೆ ಲಾಗ್‌ಬುಕ್ ತರಲು ಹೇಳಿದೆ. ಅಪ್ಪನನ್ನು ಹೊರಗೆ ಕೂರಿಸಿದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ.

"ತಮ್ಮಾ, ವಿಮಾನದ ಬಗ್ಗೆ ನನಗೇನೂ ತಿಳಿಯಂಗಿಲ್ಲ. ಒಂದು ಪುಟ ತಗದು ಏನ್ ಮಾಡಿದಿ ಹೇಳು."

ಬಂದಾಗಿನಿಂದ ನೆಲ ನೋಡಿಕೊಂಡೇ ಮಾತಾಡುತ್ತಿದ್ದವನು ಅವತ್ತು ಅರ್ಧ ಗಂಟೆ ಬಿಡದೆ ಮಾತಾಡಿದ. ಚಕ್ರ ಬದಲಿಸಿದ ಪುಟ ಅದು. ಜಾಕ್ ಎಲ್ಲಿ ಕೊಡಬೇಕು, ಹಳೇ ಚಕ್ರ ಹೇಗೆ ಎಳೆಯಬೇಕು. ಹೊಸದು ಕೂರಿಸಿ ಆ್ಯಕ್ಸಲ್ ನಟ್ ಬಿಗಿಯುವಾಗ ಚಕ್ರವನ್ನು ತಿರುಗಿಸುತ್ತಲೇ ಇರಬೇಕಂತೆ, ಇಲ್ಲದಿದ್ದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಒಮ್ಮೆ ಜಾಸ್ತಿ ಬಿಗಿದು, ಸಡಿಲಿಸಿ, ಮತ್ತೆ ಕಡಿಮೆ ಟಾರ್ಕ್‌ಗೆ ಬಿಗಿಯಬೇಕು. ಟೈರಿಗೆ ತುಂಬುವುದು ಗಾಳಿಯಲ್ಲ, ನೈಟ್ರೋಜನ್. ಬ್ರೇಕ್ ಎಷ್ಟು ಸವೆದಿದೆ ಅಂತ ನೋಡಲು ಒಂದು ಸಣ್ಣ ಪಿನ್ ಇರುತ್ತದೆ. ಎಷ್ಟು ಉದ್ದ ಅಂತ ಬೆರಳಲ್ಲೇ ತೋರಿಸಿದ.

ಪುಟ ತಿರುವಿದೆ. ಅಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು. ಇಂಜಿನ್ ಒಳಗೆ ಸಣ್ಣ ಕ್ಯಾಮೆರಾ ಬಿಟ್ಟು ಬ್ಲೇಡ್ ನೋಡುವ ಬೋರೋಸ್ಕೋಪ್ ತಪಾಸಣೆ.

"ಇದನ್ನೂ ಹೇಳು."

ಸುಮ್ಮನೆ ಕೂತ. ಆಮೇಲೆ, "ಅದನ್ನ ನಾ ನೋಡೇ ಇಲ್ರಿ. ಅವನ ಬುಕ್ಕಿನ್ಯಾಗಿಂದು ಬರ್ಕೊಂಡೀನಿ."

ಇನ್ನೂ ನಾಲ್ಕು ಪುಟ ಹಾಗೇ ಇದ್ದವು. ಎಲ್ಲಾ ಪೆನ್ಸಿಲ್‌ನಲ್ಲಿ. ಪೆನ್ ಹಿಡಿಯಲು ಕೈ ಬಂದಿರಲಿಲ್ಲ ಅಂತ ನನಗೆ ಅನಿಸಿತು, ಆದರೆ ಹೇಳಲಿಲ್ಲ. "ನೀನು ಓದಿದ ಹ್ಯೂಮನ್ ಫ್ಯಾಕ್ಟರ್ಸ್ ಪಾಠದಾಗ ನಿನಗ ನೆನಪಿರೋ ಒಂದು ಘಟನೆ ಹೇಳು" ಅಂದೆ. ಅದು ಅವರ 9ನೇ ಮಾಡ್ಯೂಲ್. ಮನುಷ್ಯರು ಯಾಕೆ ತಪ್ಪು ಮಾಡುತ್ತಾರೆ ಅನ್ನುವುದೇ ವಿಷಯ. ಇಂಥ ಪಾಠ ಮೆಕ್ಯಾನಿಕ್‌ಗಳಿಗೂ ಇದೆ ಅಂತ ಗೊತ್ತಾದಾಗಿನಿಂದ ನನಗೆ ಕುತೂಹಲ.

ಅವನು ಹೇಳಿದ್ದು 1990ರ ಜೂನ್ 10ರ ಕಥೆ. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ಗೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂದಿನ ಗಾಜು ಆಕಾಶದಲ್ಲೇ ಕಿತ್ತುಹೋಯಿತು. ಕ್ಯಾಪ್ಟನ್ ಸೊಂಟದ ತನಕ ಹೊರಗೆ ಸೆಳೆದುಹೋದರು. ಸಿಬ್ಬಂದಿ ಕಾಲು ಹಿಡಿದುಕೊಂಡರು, ಸಹ ಪೈಲಟ್ ವಿಮಾನ ಇಳಿಸಿದರು, ಎಲ್ಲರೂ ಬದುಕಿದರು. ಆ ಗಾಜನ್ನು ಹಾರಾಟಕ್ಕೆ ಸ್ವಲ್ಪ ಮುಂಚೆ ಬದಲಿಸಿದ್ದರು. 90 ಬೋಲ್ಟ್‌ಗಳಲ್ಲಿ 84 ಬೇಕಾದ್ದಕ್ಕಿಂತ ತೆಳ್ಳಗಿದ್ದವು. ರಾತ್ರಿ ಪಾಳಿಯ ಮ್ಯಾನೇಜರ್ ಬಿಡಿಭಾಗಗಳ ಪಟ್ಟಿ ನೋಡದೆ, ಹಳೇ ಬೋಲ್ಟ್‌ಗೆ ಕಣ್ಣಳತೆಯಲ್ಲಿ ಹೋಲಿಸಿ ತಂದಿದ್ದರು.

"ಯಾರೂ ತಡೀಲಿಲ್ಲೇನು?"

"ತಡಿಯೋರು ಯಾರ್ರಿ? ಕೆಲ್ಸ ಮಾಡಿದವ್ರೂ ಅವ್ರ, ಸಹಿ ಮಾಡಿದವ್ರೂ ಅವ್ರ. ಇನ್ನೊಬ್ರು ನೋಡ್ಲೇ ಇಲ್ರಿ."

ಇದನ್ನು ಹೇಳಿ ತನ್ನ ಲಾಗ್‌ಬುಕ್ ನೋಡುತ್ತಾ ಕೂತ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಹಂಗಾದ್ರ ಸೂಪರ್‌ವೈಸರ್ ಹತ್ರ ಹೋಗಿ ನನ್ನ ಕೆಲ್ಸ ನೋಡ್ರಿ ಅಂದ್ರ ನೀನು ಏನು ಕೇಳಿದಂಗಾತು? ಉಪಕಾರನ?"

"ಅಲ್ರಿ" ಅಂದ. ಸ್ವಲ್ಪ ಹೊತ್ತಾದ ಮೇಲೆ, "ಅದು ಅವ್ರ ಕೆಲ್ಸಾನ ಐತ್ರಿ" ಅಂದ. ಇಡೀ ಸಮಾಲೋಚನೆ ತಿರುಗಿದ್ದು ಆ ಮಾತಿನಿಂದ. ಸಹಿ ಕೇಳುವುದನ್ನು ಅವನು ಕೈಚಾಚುವುದು ಅಂದುಕೊಂಡಿದ್ದ. ನಮ್ಮ ಕಡೆಯ ಹುಡುಗರಲ್ಲಿ ಇದು ಜಾಸ್ತಿ. ದೊಡ್ಡವರಿಗೆ ತೊಂದರೆ ಕೊಡಬಾರದು ಅಂತ ಕಲಿಸಿರುತ್ತೇವೆ. ಆ ಮರ್ಯಾದೆ ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ನಲ್ಲಿ ಕೈಕೊಡುತ್ತದೆ. ವಿಮಾನ ರಿಪೇರಿಯಲ್ಲಿ ತಪ್ಪಿಗೆ ದಾರಿ ಮಾಡುವ ಹನ್ನೆರಡು ಕಾರಣಗಳ ಪಟ್ಟಿಯೊಂದು ಅವನ ಪಠ್ಯದಲ್ಲೇ ಇದೆ. ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳದಿರುವುದೂ ಅದರಲ್ಲಿ ಒಂದು.

ಸಲಹೆ ಸರಳವಾಗಿತ್ತು. ಪೆನ್ಸಿಲ್ ಪುಟಗಳನ್ನು ಅಲ್ಲೇ ಅಳಿಸಿದ. ಇನ್ನು ಮುಂದೆ ಅವತ್ತಿನ ಕೆಲಸ ಅವತ್ತೇ ಬರೆದು, ಪಾಳಿ ಮುಗಿಯುವ ಮೊದಲು ಸಹಿ ತಗೊಳ್ಳುವುದು. ಹಳೆಯದಕ್ಕೆ ಡ್ಯೂಟಿ ರೋಸ್ಟರ್ ಇಟ್ಟುಕೊಂಡು ರೆಕಾರ್ಡ್ಸ್ ವಿಭಾಗದಲ್ಲಿ ಟಾಸ್ಕ್ ಕಾರ್ಡ್ ನಂಬರ್ ಹುಡುಕಿಸಿ, ನಂಬರ್ ಸಿಕ್ಕದ್ದನ್ನು ಮಾತ್ರ ವಾರಕ್ಕೆ ನಾಲ್ಕೈದರಂತೆ ಆ ಕೆಲಸ ನೋಡಿದ್ದ ಸೂಪರ್‌ವೈಸರ್ ಮುಂದೆ ಇಡುವುದು. ನೂರು ಪುಟ ಒಟ್ಟಿಗೆ ಇಟ್ಟರೆ ಯಾರಾದರೂ "ಬಾದ್ ಮೇ" ಅನ್ನುತ್ತಾರೆ. ಎರಡು ಸಲ ಕೇಳಿಯೂ ಆಗದಿದ್ದರೆ ತರಬೇತಿ ನೋಡಿಕೊಳ್ಳುವವರಿಗೆ ಇಮೇಲ್. ದೂರಿನ ಧಾಟಿ ಬೇಡ, ತಾರೀಖು ಮತ್ತು ನಂಬರ್ ಇದ್ದರೆ ಸಾಕು.

ಕೇಳುವ ಮಾತನ್ನೂ ಅಭ್ಯಾಸ ಮಾಡಿದೆವು. ನಾನು ಸೂಪರ್‌ವೈಸರ್, ಅವನು ಟ್ರೈನಿ. "ಸರ್, ಕಲ್ ರಾತ್ ಕಾ ವೀಲ್ ಚೇಂಜ್, ಟಾಸ್ಕ್ ಕಾರ್ಡ್ ನಂಬರ್ ಲಿಖಾ ಹೈ, ದೇಖ್ ಲೀಜಿಯೇ." ನನ್ನ ಹಿಂದಿ ಅವನಿಗಿಂತ ಕೆಟ್ಟದ್ದು. ಅವನು ಮೊದಲ ಸಲ ನಕ್ಕಿದ್ದು ಆಗಲೇ.

ಅಪ್ಪನಿಗೆ ಹೇಳುವುದು ಕಷ್ಟವಾಯಿತು. "ಈಗ್ಯಾಕ ಅವಸರ, ಕಡೀಕ ಒಮ್ಮೆಲೇ ಹಾಕಿಸ್ಕೊಂಡ್ರಾತು" ಅಂದರು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದ್ದನ್ನು ನೆನಪಿಸಿದೆ. ಅಂಥ ದಿನ ಬಂದರೆ ಸಹಿ ಹಾಕಬೇಕಾದವರು ಯಾವ ಊರಿಗೆ ಹೋದರು ಅಂತ ಎಲ್ಲಿ ಹುಡುಕುವುದು? ಇದು ಅವರಿಗೆ ಹಿಡಿಸಿತು. ದುಡ್ಡಿನ ದಾರಿ ಬೇಡ ಅಂದದ್ದು ಮಾತ್ರ ಹಿಡಿಸಲಿಲ್ಲ. "ಸಾಲಕ್ಕ ಬಡ್ಡಿ ಯಾರ್ ಕಟ್ತಾರ್ರಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಂಕಿನಲ್ಲಿ ಕಂತಿನ ಅವಧಿ ಹೆಚ್ಚಿಸಲು ಕೇಳಿ ಅಂದೆ, ಅಷ್ಟೇ.

ಈಗ ಸಹೋದ್ಯೋಗಿಗಳ ಮಾತಿಗೆ ಬರುತ್ತೇನೆ. ಸಲಹೆಗಾರರು ಸರಿ ತಪ್ಪು ಹೇಳಬಾರದು, ಆಯ್ಕೆ ಅವನಿಗೇ ಬಿಡಬೇಕಿತ್ತು ಅಂದರು. ಮದುವೆ, ಕೆಲಸ, ಊರು ಬಿಡುವುದು, ಇವುಗಳಲ್ಲಿ ನಾನೂ ಬಾಯಿ ಮುಚ್ಚಿಕೊಂಡೇ ಇರುತ್ತೇನೆ. ಆದರೆ ಸುಳ್ಳು ಲಾಗ್‌ಬುಕ್ ಅವನೊಬ್ಬನ ಆಯ್ಕೆ ಅಲ್ಲ. ಗೋಕುಲ ರಸ್ತೆಯ ನಿಲ್ದಾಣದಿಂದ ನೀವೂ ನಾನೂ ವಿಮಾನ ಹತ್ತುತ್ತೇವೆ, ಅಲ್ವಾ? ಅದನ್ನು ಬಿಟ್ಟರೂ, ಅವನ ಕಾಯಿಲೆಯೇ ತಪ್ಪಿಸಿಕೊಳ್ಳುವುದು. ದುಡ್ಡು ಕೊಟ್ಟು ಸಹಿ ಕೊಂಡರೆ ಅತಿ ದೊಡ್ಡ ತಪ್ಪಿಸಿಕೊಳ್ಳುವಿಕೆಗೆ ನಾನೇ ಒಪ್ಪಿಗೆ ಕೊಟ್ಟ ಹಾಗೆ. ನಾಳೆ ಲೈಸೆನ್ಸ್ ಬಂದ ಮೇಲೆ ಅವನೇ ಬೋರೋಸ್ಕೋಪ್ ಕೆಲಸಕ್ಕೆ ಸಹಿ ಹಾಕಬೇಕು. ಗೊತ್ತಿಲ್ಲ ಅಂತ ಆಗ ಯಾರಿಗೆ ಹೇಳುತ್ತಾನೆ?

ಮಕ್ಕಳನ್ನು ಇಂಥ ಕೋರ್ಸಿಗೆ ಸೇರಿಸುವವರಿಗೆ ಒಂದು ಮಾತು. ಫೀ ಎಷ್ಟು, ಹಾಸ್ಟೆಲ್ ಹೇಗಿದೆ ಅಂತ ಕೇಳುವಾಗಲೇ, ಓದು ಮುಗಿದ ಮೇಲೆ ಆ 2 ವರ್ಷದ ಅನುಭವ ಎಲ್ಲಿ, ಯಾವ ವಿಮಾನದ ಮೇಲೆ, ಯಾರ ಸಹಿಯಲ್ಲಿ ಅಂತಲೂ ಕೇಳಿ. ಉತ್ತರ ಬಾಯಲ್ಲಿ ಕೊಟ್ಟರೆ ಬರೆದುಕೊಡಿ ಅನ್ನಿ. ಮಗ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ "ಈ ವಾರದ್ದು ಸಹಿ ಆಯ್ತಾ" ಅಂತ ಕೇಳಿದರೆ ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹುಡುಗ ಕೆಲಸಕ್ಕೆ ವಾಪಸ್ ಹೋದ. ಹಳೇ ಪುಟಗಳಲ್ಲಿ ಬಹಳಷ್ಟಕ್ಕೆ ಸಹಿ ಸಿಕ್ಕಿತು. ಒಬ್ಬ ಸೂಪರ್‌ವೈಸರ್ ಕೆಲಸ ಬಿಟ್ಟು ವಿದೇಶಕ್ಕೆ ಹೋಗಿದ್ದರು. ಅವರ ಕೈಕೆಳಗೆ ಮಾಡಿದ ಕೆಲವು ತಿಂಗಳ ಕೆಲಸಕ್ಕೆ ಸಹಿ ಸಿಗಲಿಲ್ಲ. ಅಷ್ಟನ್ನು ಮತ್ತೆ ಮಾಡುತ್ತಿದ್ದಾನೆ. ಇಂಜಿನ್ ವಿಭಾಗಕ್ಕೆ ಹಾಕಿ ಅಂತ ತಾನೇ ಕೇಳಿಕೊಂಡನಂತೆ. ರೂಮ್‌ಮೇಟ್ ಆಗಲೇ ಅರ್ಜಿ ಹಾಕಿದ್ದಾನೆ. ಇದನ್ನು ಅಪ್ಪ ಪ್ರತಿ ಸಲ ಫೋನ್ ಮಾಡಿದಾಗಲೂ ನನಗೆ ನೆನಪಿಸುತ್ತಾರೆ.