ವಾಡಿನ್‌ನಲ್ಲಿ ಒಂದು ಕ್ಲಿಕ್‌ಗೆ ಎರಡು ರಸೀದಿ ಬರುವುದು ಯಾಕೆ?

ಕಲಬುರಗಿ ಮಂಡಿಯ ತೊಗರಿ ಚೀಲಗಳ ಲೆಕ್ಕದ ಪುಟದಲ್ಲಿ ಸೇವ್ ಒತ್ತಿದರೆ ಒಮ್ಮೊಮ್ಮೆ ಎರಡು ರಸೀದಿ ಆಗುತ್ತದೆ ಅಂದಿದ್ದೀರಿ. ವಾಡಿನ್ ಅಂದರೆ ಜಾವಾದಲ್ಲಿ ವೆಬ್ ಪುಟ ಕಟ್ಟುವ ಫ್ರೇಮ್‌ವರ್ಕ್. ಅದರಲ್ಲಿ ಆ್ಯಡ್‌ಕ್ಲಿಕ್‌ಲಿಸನರ್‌ಗೆ ಕೊಟ್ಟ ಕೋಡ್ (ಬಟನ್ ಒತ್ತಿದಾಗ ಓಡುವ ಲಿಸನರ್) ಓಡುವುದು ಸರ್ವರ್‌ನಲ್ಲಿ, ಬ್ರೌಸರ್‌ನಲ್ಲಲ್ಲ. ನೆಟ್‌ವರ್ಕ್ ನಿಧಾನ ಇದ್ದರೆ ಜನ ಇನ್ನೊಮ್ಮೆ ಒತ್ತುತ್ತಾರೆ, ಸಹಜ ಅಲ್ವಾ?

ಲಿಸನರ್ ಶುರುವಿನಲ್ಲಿ ಸೆಟ್‌ಎನೇಬಲ್ಡ್ ಫಾಲ್ಸ್ (ಬಟನ್ ಮುಚ್ಚಲು), ಕೊನೆಗೆ ಟ್ರೂ (ತೆರೆಯಲು) ಮಾಡಿ ಉಪಯೋಗವಿಲ್ಲ. ಎರಡೂ ಸರ್ವರ್‌ನ ಒಂದೇ ಉತ್ತರದಲ್ಲಿ ಬ್ರೌಸರ್‌ಗೆ ಹೋಗುತ್ತವೆ, ಬಟನ್ ಮಂಕಾಗುವುದೇ ಇಲ್ಲ. ಬದಲಿಗೆ ಬಟನ್ ಮಾಡುವಾಗಲೇ ಸೆಟ್‌ಡಿಸೇಬಲ್‌ಆನ್‌ಕ್ಲಿಕ್‌ಗೆ ಟ್ರೂ ಕೊಡಿ. ಆಗ ಒತ್ತಿದ ಕೂಡಲೇ ಬ್ರೌಸರೇ ಬಟನ್ ಮುಚ್ಚುತ್ತದೆ. ಕೆಲಸ ಮುಗಿದ ಮೇಲೆ ನೀವೇ ತೆರೆಯಬೇಕು. ಅದನ್ನು ಫೈನಲಿ ಬ್ಲಾಕ್‌ನಲ್ಲಿ (ದೋಷ ಬಂದರೂ ಓಡುವ ಭಾಗ) ಇಡಿ, ಇಲ್ಲದಿದ್ದರೆ ಒಂದು ಎಕ್ಸೆಪ್ಶನ್ (ಓಡುವಾಗಿನ ದೋಷ) ಬಂದರೂ ಬಟನ್ ಮುಚ್ಚಿಯೇ ಇರುತ್ತದೆ.

ಪ್ರತಿ ಸಲವೂ ಎರಡೇ ಬರುತ್ತಿದ್ದರೆ ಮಾತ್ರ ಕಾರಣ ಬೇರೆ: ಲಿಸನರ್ ಎರಡು ಸಲ ಸೇರಿರಬಹುದು. ಪುಟ ತೆರೆಗೆ ಸೇರಿದಾಗಲೆಲ್ಲ ಓಡುವ ಆನ್‌ಅಟ್ಯಾಚ್ ಒಳಗೆ ಮೊದಲು ನೋಡಿ.