ಅಲಾಯ್ ವೀಲ್ ದುರಸ್ತಿ ಕಲಿತು ತುಮಕೂರಿನಲ್ಲಿ ಹೊಸ ಕಸುಬು ಆರಂಭಿಸಬಹುದೇ?

ಖಂಡಿತ ಆರಂಭಿಸಬಹುದು, ಆದರೆ ಯಾವ ಚಕ್ರವನ್ನು ಮುಟ್ಟಬಾರದು ಎಂಬುದನ್ನು ಮೊದಲು ಕಲಿಯಿರಿ. ಫುಟ್‌ಪಾತಿನ ಅಂಚಿಗೆ ಉಜ್ಜಿ ಆಗುವ ಗೀರು ಸಾಮಾನ್ಯವಾಗಿ ಮೇಲ್ಮೈಯ ದೋಷವಷ್ಟೇ. ಗುಂಡಿಗೆ ಬಿದ್ದು ಬಿರುಕು ಬಿಟ್ಟದ್ದು ಹಾಗಲ್ಲ: ವೆಲ್ಡಿಂಗ್ ಶಾಖಕ್ಕೆ ಸುತ್ತಲಿನ ಅಲ್ಯೂಮಿನಿಯಂ ಮಿಶ್ರಲೋಹ ಬಲ ಕಳೆದುಕೊಳ್ಳುತ್ತದೆ, ಬಣ್ಣ ಹಚ್ಚಿದ ಮೇಲೆ ಆ ದೌರ್ಬಲ್ಯ ಯಾರ ಕಣ್ಣಿಗೂ ಬೀಳುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವೇಗವಾಗಿ ಓಡುವ ಕಾರಿಗೆ ಅಂಥ ಚಕ್ರ ಜೋಡಿಸುವುದು ಪ್ರಾಣಕ್ಕೇ ಅಪಾಯ. ಗಿರಾಕಿ ಎಷ್ಟೇ ಒತ್ತಾಯಿಸಿದರೂ ಹಿಂತಿರುಗಿಸಿ.

ಉಳಿದ ಕೆಲಸವೆಂದರೆ ಟೈರ್ ಬಿಚ್ಚಿ, ಹಳೆಯ ಬಣ್ಣ ತೆಗೆದು, ಗೀರುಗಳನ್ನು ಉಪ್ಪುಕಾಗದದಿಂದ ಸಮಗೊಳಿಸಿ, ಎಣ್ಣೆಯ ಪಸೆ ಉಳಿಯದಂತೆ ಒರೆಸಿ, ಪೌಡರ್ ಕೋಟಿಂಗ್ (ಒಣ ಬಣ್ಣದ ಪುಡಿಯ ಲೇಪನ) ಮಾಡಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ ಗಟ್ಟಿಗೊಳಿಸುವುದು. ಬೆರಳಿಗೆ ತಗಲುವ ಸಣ್ಣ ಏಣೂ ಕೋಟಿಂಗ್‌ನಡಿ ಎದ್ದು ಕಾಣುವುದರಿಂದ ಹೆಚ್ಚಿನ ಸಮಯ ಉಜ್ಜುವುದಕ್ಕೇ ಹೋಗುತ್ತದೆ. ಕೋಟಿಂಗ್‌ಗೆ ಮೊದಲು ನಟ್ ಕೂರುವ ಜಾಗವನ್ನೂ ಹಬ್‌ಗೆ (ಕಾರಿನಲ್ಲಿ ಚಕ್ರ ಜೋಡಿಸುವ ನಡುಭಾಗ) ತಾಗುವ ಮುಖವನ್ನೂ ಮರೆಯದೆ ಮುಚ್ಚಿರಿ. ಅಲ್ಲಿ ದಪ್ಪ ಪದರ ಕೂತರೆ ಕ್ರಮೇಣ ನಟ್ ಸಡಿಲಗೊಳ್ಳುತ್ತದೆ.

ಓವನ್‌ಗೆ ಈಗಲೇ ಸಾಲ ಮಾಡಬೇಡಿ. ಅಂತರಸನಹಳ್ಳಿಯಂಥ ಕೈಗಾರಿಕಾ ಪ್ರದೇಶದಲ್ಲಿ ಕೋಟಿಂಗ್ ಘಟಕವೊಂದನ್ನು ವಿಚಾರಿಸಿ, ಆ ಹಂತವನ್ನು ಜಾಬ್ ವರ್ಕ್‌ಗೆ, ಅಂದರೆ ಕೂಲಿ ಕೊಟ್ಟು ಅವರಿಂದಲೇ ಮಾಡಿಸಲು, ಕೊಟ್ಟು, ಉಜ್ಜುವ ಮತ್ತು ಪರೀಕ್ಷಿಸುವ ಕೈಚಳಕವನ್ನು ಗುಜರಿಯ ಚಕ್ರಗಳ ಮೇಲೆ ಸಾಧಿಸಿಕೊಳ್ಳಿ.