ಮಗನಿಗೆ ವಿದೇಶದ ಕಿರಿಯರ ಐಸ್ ಹಾಕಿ ಟೂರ್ನಿಯಿಂದ ಆಹ್ವಾನ ಬಂದಿದೆ. ಸಾಲ ಮಾಡಿಯಾದರೂ ಕಳುಹಿಸಬೇಕೇ?

ನಿಮ್ಮ ಪತ್ರದಲ್ಲಿ ಬೀದರಿನ ಬದಲು ಕಲಬುರಗಿ, ಹದಿಮೂರು ವರ್ಷದ ಮಗನ ಬದಲು ಅದೇ ವಯಸ್ಸಿನ ಮಗಳು ಎಂದು ತಿದ್ದಿಕೊಂಡರೆ, ನೀವು ಬರೆದಿರುವುದೆಲ್ಲವೂ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದೇ ಆಗಿದೆ. ಇನ್‌ಲೈನ್ ಸ್ಕೇಟಿಂಗಿನಲ್ಲಿ, ಅಂದರೆ ಗಾಲಿಯ ಬೂಟು ಕಟ್ಟಿಕೊಂಡು ಓಡುವುದರಲ್ಲಿ, ಒಳ್ಳೆಯ ಹೆಸರು, ಜಿಲ್ಲಾ ಮಟ್ಟದಲ್ಲಿ ಪದಕ, ಒಂದು ಸಂಜೆ ಫೋನಿಗೆ ಬಂದ ಆಹ್ವಾನ ಪತ್ರ, ಅದರ ಕೊನೆಯಲ್ಲಿ ಕಟ್ಟಬೇಕಾದ ಶುಲ್ಕ. ನಾವು ಸಾಲ ಮಾಡಲಿಲ್ಲ. ಆ ವರ್ಷ ಊರಿನ ಹೊಲದ ತೊಗರಿ ಮಾರಿ ಬಂದ ಹಣವನ್ನು ಅದಕ್ಕೆ ತೆಗೆದಿಟ್ಟೆವು.

ನಮ್ಮ ಯಜಮಾನರದು ಶಹಾಬಾದಿ ಫರಸಿ ಕಲ್ಲಿನ ವ್ಯಾಪಾರ. ಅಂಗಡಿಯ ಹಿಂದಿನ ಅಂಗಳಕ್ಕೆ ಪಾಲಿಶ್ ಮಾಡಿದ ಫರಸಿ ಹಾಸಿಸಿದ್ದರು. ಮಗಳು ಮೊದಲು ಗಾಲಿ ಕಟ್ಟಿಕೊಂಡು ಓಡಿದ್ದು ಅಲ್ಲಿಯೇ. ನಮ್ಮ ಭಾಗದ ಬಿಸಿಲು ನಿಮಗೆ ಹೇಳಬೇಕಾಗಿಲ್ಲ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಅಭ್ಯಾಸವೆಲ್ಲ ಸೂರ್ಯ ಏರುವುದರೊಳಗೆ ಮುಗಿಯಬೇಕು. ಅವಳು ಒಂದು ದಿನವೂ ಎಬ್ಬಿಸಿಕೊಂಡವಳಲ್ಲ, ತಾನೇ ಏಳುತ್ತಿದ್ದಳು. ಇಂಥ ಮಗುವಿಗೆ ಬ್ಯಾಂಕಾಕಿನಲ್ಲಿ ಆಡುವ ಅವಕಾಶ ಬಂದಾಗ ಬೇಡವೆನ್ನಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ನಿಮ್ಮ ಸಂಕಟ ನನಗೆ ಪೂರ್ತಿಯಾಗಿ ಅರ್ಥವಾಗುತ್ತದೆ.

ಹೊರಡುವ ಮುನ್ನ ಗುರುಗ್ರಾಮದ ಒಂದು ಮಾಲಿನಲ್ಲಿದ್ದ ಐಸ್ ರಿಂಕಿಗೆ, ಅಂದರೆ ಮಂಜುಗಡ್ಡೆಯ ಅಂಗಳಕ್ಕೆ, ಅವಳನ್ನು ಕರೆದುಕೊಂಡು ಹೋಗಿ ಕೆಲವು ದಿನ ಅಭ್ಯಾಸ ಮಾಡಿಸಬೇಕೆಂಬ ಮಾತು ಮನೆಯಲ್ಲಿ ಬಂದಿತ್ತು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರವಿತ್ತು, ರೈಲು ಮತ್ತು ವಸತಿಯ ಖರ್ಚು ಬೇರೆ. ಗಾಲಿ ಬಂದವರಿಗೆ ಐಸ್ ತಾನಾಗಿಯೇ ಬರುತ್ತದೆ ಎಂದು ಬಲ್ಲವರೇ ಹೇಳಿದ್ದರು. ಆ ಮಾತನ್ನು ನಂಬಿ ಪ್ರಯಾಣವನ್ನು ಬೇಡವೆಂದವಳು ನಾನು. ಉಳಿದ ಹಣದಲ್ಲಿ ಅವಳಿಗೆ ಹೊಸ ಸ್ಟಿಕ್ಕು, ಹೊಸ ಕೈಗವಸು ಕೊಡಿಸಿದೆ. ನಮಗೆ ಟೂರ್ನಿಯನ್ನೂ ಅದರ ನಂತರದ ಒಂದು ವರ್ಷವನ್ನೂ ಕಳೆದದ್ದು ಈ ಒಂದೇ ತೀರ್ಮಾನ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ಇನ್‌ಲೈನ್ ಸ್ಕೇಟಿನಲ್ಲಿ ಒಂದರ ಹಿಂದೆ ಒಂದು ಗಾಲಿಗಳಿರುತ್ತವೆ, ಅವು ನೆಲವನ್ನು ಹಿಡಿಯುತ್ತವೆ. ಜೋರಾಗಿ ಹೋಗುವಾಗ ಎರಡೂ ಪಾದಗಳನ್ನು ಒಮ್ಮೆಲೇ ಅಡ್ಡ ತಿರುಗಿಸಿದರೆ ಗಾಲಿ ನೆಲಕ್ಕೆ ಕಚ್ಚಿ ಆಟಗಾರ ಮುಂದಕ್ಕೆ ಬೀಳುತ್ತಾನೆ. ಹಾಗಾಗಿ ಮಕ್ಕಳು ಒಂದು ಪಾದವನ್ನು ಹಿಂದೆ ಅಡ್ಡ ಹಿಡಿದು ಎಳೆಯುತ್ತ ವೇಗ ಇಳಿಸುವುದನ್ನು ಮೊದಲು ಕಲಿಯುತ್ತಾರೆ. ಐಸ್ ಸ್ಕೇಟಿನ ಅಲಗು ಸುಮಾರು 3 ಮಿಲಿಮೀಟರ್ ದಪ್ಪವಷ್ಟೇ. ಬೆರಳಿನಿಂದ ಅದರ ತಳವನ್ನು ಮುಟ್ಟಿ ನೋಡಿದರೆ ನಡುವೆ ಸಣ್ಣ ತಗ್ಗು, ಆ ತಗ್ಗಿನ ಎರಡೂ ಕಡೆ ಒಂದೊಂದು ಹರಿತವಾದ ಅಂಚು ಇರುವುದು ತಿಳಿಯುತ್ತದೆ. ಓಡುತ್ತಿರುವಾಗ ಅದರ ಮೇಲೆ ತಡೆದು ನಿಲ್ಲಬೇಕಾದರೆ ಮೊಣಕಾಲು ಬಗ್ಗಿಸಿ, ಮೈಭಾರ ಇಳಿಸಿ, ಎರಡೂ ಪಾದಗಳನ್ನು ಒಟ್ಟಿಗೆ ಅಡ್ಡ ತಿರುಗಿಸಿ, ಮುಂದಿನ ಪಾದದ ಒಳ ಅಂಚಿನಿಂದಲೂ ಹಿಂದಿನ ಪಾದದ ಹೊರ ಅಂಚಿನಿಂದಲೂ ಮಂಜುಗಡ್ಡೆಯ ಮೇಲ್ಪದರವನ್ನು ಕೆರೆಯಬೇಕು. ಅಂದರೆ ಗಾಲಿಯ ಮೇಲೆ ಯಾವುದನ್ನು ಮಾಡಿದರೆ ಬೀಳುತ್ತೇವೆಯೋ ಅದನ್ನೇ ಇಲ್ಲಿ ಧೈರ್ಯವಾಗಿ ಮಾಡಬೇಕು. ಗಾಲಿಯ ಮೇಲೆ ಯಾವುದು ಕಾಪಾಡುತ್ತದೆಯೋ ಅದು ಇಲ್ಲಿ ಅಲಗನ್ನು ಸಿಕ್ಕಿಸಿ ಬೀಳಿಸಬಹುದು. ಮಗು ಗಾಲಿಯ ಮೇಲೆ ಎಷ್ಟು ಪಳಗಿದೆಯೋ ಆ ರೂಢಿ ಮೈಯಲ್ಲಿ ಅಷ್ಟು ಆಳವಾಗಿ ಕೂತಿರುತ್ತದೆ. ಓಟ, ತಿರುವು, ಸ್ಟಿಕ್ಕಿನ ಹಿಡಿತ ಇವೆಲ್ಲ ಗಾಲಿಯಿಂದ ಐಸಿಗೆ ಬರುತ್ತವೆ ಎಂಬುದು ನಿಜ. ನಿಲ್ಲುವುದು ಮಾತ್ರ ಬರುವುದಿಲ್ಲ.

ಬ್ಯಾಂಕಾಕಿನಲ್ಲಿ ಮೊದಲ ದಿನದ ಅಭ್ಯಾಸದಲ್ಲಿ ಗಾಜಿನಾಚೆ ನಿಂತು ನೋಡುತ್ತಿದ್ದೆ. ಮಗಳು ಹೊರಟಾಗ ಅವಳ ವೇಗಕ್ಕೆ ಬೇರೆ ಮಕ್ಕಳ ಪಾಲಕರು ತಿರುಗಿ ನೋಡಿದರು. ಸೀಟಿ ಊದಿದೊಡನೆ ಉಳಿದ ಮಕ್ಕಳೆಲ್ಲ ಅಡ್ಡ ತಿರುಗಿ, ಅಲಗಿನಡಿಯಿಂದ ಬಿಳಿಯ ಪುಡಿ ಹಾರಿಸುತ್ತ, ಗೆರೆಯ ಮೇಲೆಯೇ ನಿಂತರು. ಅವಳು ರೂಢಿಯಂತೆ ಬಲಗಾಲನ್ನು ಹಿಂದೆ ಎಳೆದಳು, ಅಲಗು ಸಿಕ್ಕಿಕೊಂಡಿತು, ಬೆನ್ನ ಮೇಲೆ ಬಿದ್ದಳು. ಎದ್ದು ಮತ್ತೆ ಹಾಗೆಯೇ ಬಿದ್ದಳು. ಬಾಗಿಲ ಹತ್ತಿರ ಬಂದವಳು ಮುಖದ ಜಾಲರಿಯ ಒಳಗಿನಿಂದ, "ಅವ್ವಾ, ನಂಗ ನಿಂದ್ರಲಾಕೇ ಬರವಲ್ದು" ಎಂದಳು.

ನಿಲ್ಲಲು ಬಾರದ ಆಟಗಾರರಿಗೆ ಈ ಆಟದಲ್ಲಿ ಜಾಗವಿಲ್ಲ. ಐಸ್ ಹಾಕಿಯಲ್ಲಿ ಪ್ರತಿ ತಂಡದಿಂದ ಗೋಲ್ ಕೀಪರ್ ಸೇರಿ ಆರು ಮಂದಿ ಕಣದಲ್ಲಿರುತ್ತಾರೆ. ಒಬ್ಬರ ಸರದಿ ಮುಕ್ಕಾಲು ನಿಮಿಷದ ಆಸುಪಾಸಿನಲ್ಲಿ ಮುಗಿದು ಮತ್ತೊಬ್ಬರು ಇಳಿಯುತ್ತಾರೆ. ಅಷ್ಟರಲ್ಲಿ ಚೆಂಡಿನ ಬದಲು ಬಳಸುವ ರಬ್ಬರಿನ ಪಕ್ ಹತ್ತಾರು ಸಲ ದಿಕ್ಕು ಬದಲಿಸುತ್ತದೆ. ನಿಂತು ತಿರುಗುವವರು ಎರಡು ಹೆಜ್ಜೆಯಲ್ಲಿ ಅದರ ಹಿಂದೆ ಇರುತ್ತಾರೆ. ನಮ್ಮವಳು ದೊಡ್ಡ ಸುತ್ತು ಹೊಡೆದು ಬರುವಷ್ಟರಲ್ಲಿ ಆಟ ಇನ್ನೊಂದು ತುದಿಗೆ ಹೋಗಿರುತ್ತಿತ್ತು. ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಆಫ್‌ಸೈಡ್. ಎದುರಾಳಿಯ ಭಾಗದ ನೀಲಿ ಗೆರೆಯನ್ನು ಪಕ್‌ಗಿಂತ ಮೊದಲು ದಾಳಿ ಮಾಡುವ ತಂಡದ ಯಾವ ಆಟಗಾರನೂ ದಾಟಬಾರದು, ಆದ್ದರಿಂದ ಗೆರೆಯ ಅಂಚಿನಲ್ಲಿ ಕ್ಷಣ ತಡೆದು ನಿಲ್ಲುವ ಕಲೆ ಬೇಕೇ ಬೇಕು. ಅವಳಿಗೆ ತಡೆದು ನಿಲ್ಲಲು ಬರುತ್ತಿರಲಿಲ್ಲ. ವೇಗವಾಗಿ ಬಂದು ಗೆರೆ ದಾಟಿಬಿಡುತ್ತಿದ್ದಳು, ಸೀಟಿ ಆಗುತ್ತಿತ್ತು, ತಂಡದ ಒಳ್ಳೆಯ ದಾಳಿ ಅಲ್ಲಿಗೇ ನಿಲ್ಲುತ್ತಿತ್ತು. ಎರಡನೆಯ ಪಂದ್ಯದಿಂದ ತರಬೇತುದಾರರು ಅವಳನ್ನು ಹೆಚ್ಚಾಗಿ ಬೆಂಚಿನ ಮೇಲೆಯೇ ಕೂಡಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಕೊನೆಯ ಪಂದ್ಯದಲ್ಲಿ ಇಳಿಸಿದಾಗ ಪಕ್‌ನ ಹಿಂದೆ ಹೋದವಳು ನಿಲ್ಲಲಾಗದೆ ಅಂಚಿನ ಹಲಗೆಗೆ ಬಡಿದಳು, ಎಡಗೈಯ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಮಣಿಕಟ್ಟು ಕೂಡಿತು, ವೇಗದ ಮೇಲೆ ಅವಳಿಗಿದ್ದ ಭರವಸೆ ಮರಳಿ ಬರಲು ಮಾತ್ರ ಬಹಳ ಕಾಲ ಬೇಕಾಯಿತು.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ಈ ಟೂರ್ನಿಯಲ್ಲಿ ಆಡಿದರೆ ದೇಶದ ತಂಡದ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಯ ಮೇಲೆ ನೀವು ಸಾಲದ ಲೆಕ್ಕ ಹಾಕುತ್ತಿದ್ದೀರಿ. ಆ ನಂಬಿಕೆಯೇ ಸರಿಯಲ್ಲ. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ನಡೆಸುವ ಇಪ್ಪತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ 1977ರಿಂದ ಅಧಿಕೃತವಾಗಿ ನಡೆದುಬಂದಿದೆ. ಅದರ ಮೇಲ್ದರ್ಜೆಯಲ್ಲಿ ಹತ್ತು ದೇಶಗಳು ಸಾಮಾನ್ಯವಾಗಿ ಡಿಸೆಂಬರ್ ಕೊನೆಯ ವಾರದಿಂದ ಜನವರಿ ಮೊದಲ ವಾರದವರೆಗೆ ಆಡುತ್ತವೆ, ಉಳಿದ ದೇಶಗಳು ಕೆಳಗಿನ ದರ್ಜೆಗಳಲ್ಲಿ ಆಡಿ ಮೇಲೇರಬೇಕು. ಹದಿನೆಂಟರೊಳಗಿನ ಹುಡುಗರದ್ದು 1999ರಲ್ಲಿ ಆರಂಭವಾಯಿತು. ಇವಕ್ಕೆ ತಂಡ ಕಳುಹಿಸುವುದು ಆಯಾ ದೇಶದ ರಾಷ್ಟ್ರೀಯ ಸಂಸ್ಥೆ. ಶುಲ್ಕ ಕಟ್ಟಿಸಿಕೊಂಡು ಮಗುವಿನ ಮನೆಗೆ ನೇರವಾಗಿ ಆಹ್ವಾನ ಕಳುಹಿಸುವ ಪದ್ಧತಿ ಅಲ್ಲಿಲ್ಲ. ನಿಮಗೆ ಬಂದಿರುವುದು, ನಮಗೆ ಬಂದಂತೆಯೇ, ಖಾಸಗಿ ಟೂರ್ನಿಯ ಪತ್ರ. ಅಂಥ ಟೂರ್ನಿಗಳಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ನಾವು ಹೋದದ್ದನ್ನು ಬಹಳ ಅಚ್ಚುಕಟ್ಟಾಗಿ ನಡೆಸಿದರು, ಐಸ್ ಮೇಲೆ ಬೆಳೆದ ಮಕ್ಕಳಿಗೆ ಅದು ಒಳ್ಳೆಯ ಅನುಭವವೇ ಆಗಿತ್ತು. ಅದು ಆಯ್ಕೆಯ ಮೆಟ್ಟಿಲಲ್ಲ, ಅಷ್ಟೇ.

ದೇಶದ ತಂಡಕ್ಕೆ ಹೋದವರು ಎಲ್ಲಿಂದ ಬಂದರು ಎಂಬುದನ್ನು ನೋಡಿ. ನಮ್ಮ ಮಹಿಳಾ ತಂಡ ಮೊದಲ ಬಾರಿಗೆ ಅಂತರರಾಷ್ಟ್ರೀಯ ಕಣಕ್ಕಿಳಿದದ್ದು 2016ರಲ್ಲಿ, ತೈಪೆಯಲ್ಲಿ. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪೀನ್ಸ್ ವಿರುದ್ಧ 4-3ರಿಂದ ಮೊದಲ ಗೆಲುವು ಬಂತು, 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ಪಿನ ಕಂಚು ಬಂತು. ಆ ಹೆಣ್ಣುಮಕ್ಕಳಲ್ಲಿ ಬಹುತೇಕರು ಲಡಾಖಿನವರು. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೆರೆಕುಂಟೆಗಳು ಹೆಪ್ಪುಗಟ್ಟುತ್ತವೆ, ಮಕ್ಕಳು ಹಳೆಯ ಸ್ಕೇಟು ಕಟ್ಟಿಕೊಂಡು ಅದರ ಮೇಲೆಯೇ ಬೆಳೆಯುತ್ತಾರೆ. ಅವರ ಬಳಿ ದುಬಾರಿ ಸಾಮಾನುಗಳಿರಲಿಲ್ಲ, ಕಾಲ ಕೆಳಗೆ ಐಸ್ ಇತ್ತು. ನಮ್ಮ ಕಲಬುರಗಿಯ ಅಪ್ಪನ ಕೆರೆಯಾಗಲಿ ನಿಮ್ಮ ಬೀದರಿನ ಕೆರೆಯಾಗಲಿ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ನಾವು ಹಣ ಕೊಟ್ಟು ಕೊಳ್ಳಬೇಕಾದದ್ದು ಐಸ್ ಮೇಲಿನ ಗಂಟೆಗಳನ್ನು.

ನಿಮ್ಮದು ಗಂಡುಮಗು, ವಯಸ್ಸು ಹದಿಮೂರು. ಇದರಿಂದಾಗಿ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗುತ್ತದೆ. ಮೈಯಿಂದ ಮೈಗೆ ಗುದ್ದಿ ಪಕ್ ಕಸಿಯುವುದನ್ನು ಬಾಡಿ ಚೆಕಿಂಗ್ ಎನ್ನುತ್ತಾರೆ. ಮಕ್ಕಳ ತಲೆಗೆ ಪೆಟ್ಟಾಗುತ್ತದೆಂಬ ಕಾರಣಕ್ಕೆ ಅಮೆರಿಕದ ಸಂಸ್ಥೆ 2011ರಲ್ಲಿಯೂ ಕೆನಡಾದ ಸಂಸ್ಥೆ 2013ರಲ್ಲಿಯೂ ಹನ್ನೊಂದು ಹನ್ನೆರಡರ ವಯೋಗುಂಪಿನಲ್ಲಿ ಅದನ್ನು ನಿಷೇಧಿಸಿದವು. ಅದರ ಮೇಲಿನ ಗುಂಪಿಗೆ, ಅಂದರೆ ನಿಮ್ಮ ಮಗನ ವಯಸ್ಸಿಗೆ, ಅದು ಶುರುವಾಗುತ್ತದೆ. ನಾವು ಹೋದ ಟೂರ್ನಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ನಿಮ್ಮದರಲ್ಲಿ ಇದೆಯೇ ಎಂದು ಬರಹದಲ್ಲಿ ಕೇಳಿ. ಇದೆ ಎಂದರೆ, ನಿಲ್ಲಲು ಬಾರದ ಹುಡುಗನನ್ನು ಅಲ್ಲಿಗೆ ಇಳಿಸಲೇಬಾರದು.

ಮಗನ ಹುಟ್ಟಿದ ತಿಂಗಳನ್ನು ನೀವು ಬರೆದಿಲ್ಲ. ವಯೋಗುಂಪನ್ನು ಜನವರಿ 1ರ ಗೆರೆಯಿಂದ ಎಣಿಸುವುದು ಈ ಆಟದ ರೂಢಿ, ನಮ್ಮ ಶಾಲೆಯ ತರಗತಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲೀ ಮತ್ತು ಸಂಗಡಿಗರು 1985ರಲ್ಲಿಯೇ ತೋರಿಸಿದಂತೆ, ಮೇಲ್ಮಟ್ಟದ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಬಹಳ ಹೆಚ್ಚು. ಒಂದೇ ಗುಂಪಿನಲ್ಲಿದ್ದರೂ ಜನವರಿಯ ಹುಡುಗ ಡಿಸೆಂಬರಿನವನಿಗಿಂತ ಸುಮಾರು ಒಂದು ವರ್ಷ ಹೆಚ್ಚು ಬೆಳೆದಿರುತ್ತಾನೆ. ನಿಮ್ಮ ಮಗ ವರ್ಷದ ಕೊನೆಯಲ್ಲಿ ಹುಟ್ಟಿದವನಾದರೆ ಒಂದು ವರ್ಷ ಕಾಯುವುದರಲ್ಲಿ ನಷ್ಟವೇನೂ ಇಲ್ಲ.

ಸಾಮಾನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಐಸ್ ಹಾಕಿಯ ಸ್ಕೇಟು ಸಾಮಾನ್ಯವಾಗಿ ನಿತ್ಯದ ಬೂಟಿಗಿಂತ ಒಂದರಿಂದ ಒಂದೂವರೆ ಅಳತೆ ಚಿಕ್ಕದಿರುತ್ತದೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಶಾಲೆಯ ಬೂಟಿನಂತೆ ದೊಡ್ಡದನ್ನು ಕೊಂಡರೆ ಹಿಮ್ಮಡಿ ಒಳಗೆ ಅಲುಗಾಡುತ್ತದೆ, ಅಂಚಿನ ಮೇಲೆ ಭಾರ ಬೀಳುವುದೇ ಇಲ್ಲ. ಮುಖ ಪೂರ್ತಿ ಮುಚ್ಚುವ ಜಾಲರಿಯ ಶಿರಸ್ತ್ರಾಣವಿಲ್ಲದೆ, ಕತ್ತಿನ ಕವಚವಿಲ್ಲದೆ ಇಳಿಸಬೇಡಿ. ಪ್ರವಾಸ ವಿಮೆಯನ್ನು ಕೊಳ್ಳುವಾಗ ಸ್ಪರ್ಧಾತ್ಮಕ ಕ್ರೀಡೆಯಲ್ಲಾದ ಪೆಟ್ಟಿಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಹಲವು ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ.

ಹಾಗಾದರೆ ಹಣವನ್ನು ಎಲ್ಲಿ ಹಾಕಬೇಕು? ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಕಟ್ಟಿದ ಹಿಮಾದ್ರಿ ಐಸ್ ರಿಂಕ್ ಬಹಳ ವರ್ಷ ಮುಚ್ಚಿದ್ದು 2025ರಲ್ಲಿ ಮತ್ತೆ ತೆರೆದಿದೆ. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಯ ಮೇಲೆಯೇ ದೆಹಲಿಗೆ ಹೋಗುತ್ತದೆ, ಅಲ್ಲಿಂದ ಡೆಹ್ರಾಡೂನಿಗೆ ರೈಲುಗಳಿವೆ. ಹೊರಡುವ ಮೊದಲು ಅಭ್ಯಾಸಕ್ಕೆ ಯಾವ ದಿನಗಳಲ್ಲಿ ಸಮಯ ಕೊಡುತ್ತಾರೆ ಎಂದು ವಿಚಾರಿಸಿಕೊಳ್ಳಿ. ಚಳಿಗಾಲದಲ್ಲಿ ಶಿಮ್ಲಾದ ಹಳೆಯ ರಿಂಕಿದೆ, 1920ರಿಂದ ನಡೆದುಬಂದದ್ದು, ಅಲ್ಲಿ ಐಸ್ ಚಳಿಯಿಂದಲೇ ಕಟ್ಟುತ್ತದೆ. ಲೇಹ್‌ನಲ್ಲಿಯೂ ಅದೇ ಕಾಲ. ಟೂರ್ನಿಯ ಶುಲ್ಕ, ವಿಮಾನ, ವೀಸಾ, ವಸತಿ ಎಲ್ಲ ಸೇರಿಸಿ ನೀವು ಲೆಕ್ಕ ಹಾಕಿರುವ ಮೊತ್ತದಲ್ಲಿ ಮಗನಿಗೆ ರಜೆಯಲ್ಲಿ ವಾರಗಟ್ಟಲೆ ಐಸ್ ಸಿಗುತ್ತದೆ, ಸಾಲವೂ ಬೇಕಾಗುವುದಿಲ್ಲ.

ಅಲ್ಲಿಗೆ ಹೋದಾಗ ಮೊದಲ ದಿನಗಳಲ್ಲಿ ಸ್ಟಿಕ್ಕನ್ನು ಕೈಗೆ ಕೊಡಬೇಡಿ. ನಮ್ಮ ಮಗಳಿಗೆ ಆಮೇಲೆ ಸಿಕ್ಕ ತರಬೇತುದಾರರು ಅಂಚಿನ ಹಲಗೆಯನ್ನು ಹಿಡಿದು ನಿಲ್ಲಿಸಿ, ಒಂದು ಪಾದದಿಂದ ಮಂಜುಗಡ್ಡೆಯನ್ನು ಹೊರಕ್ಕೆ ಕೆರೆದು ಬಿಳಿಯ ಪುಡಿ ಎಬ್ಬಿಸುವುದನ್ನೇ ಗಂಟೆಗಟ್ಟಲೆ ಮಾಡಿಸಿದರು. ಆಮೇಲೆ ಎರಡೂ ಪಾದಗಳ ಬೆರಳನ್ನು ಒಳಕ್ಕೆ ತಿರುಗಿಸಿ ನಿಧಾನವಾಗಿ ನಿಲ್ಲುವುದು, ಆಮೇಲೆ ಒಂದು ಬದಿಗೆ ಪೂರ್ತಿ ಅಡ್ಡ ತಿರುಗಿ ನಿಲ್ಲುವುದು. ಎಡಕ್ಕೆ ತಿರುಗಿ ನಿಲ್ಲುವುದು ಅವಳಿಗೆ ಬೇಗ ಬಂತು, ಬಲಕ್ಕೆ ಬರಲು ಬಹಳ ಕಾಲ ಹಿಡಿಯಿತು. ಹೆಚ್ಚಿನವರಿಗೆ ಹೀಗೆಯೇ ಒಂದು ಬದಿ ತಡವಾಗುತ್ತದೆ. ಈಗ ಅವಳು ಪಿಯುಸಿಯಲ್ಲಿದ್ದಾಳೆ, ರಜೆ ಸಿಕ್ಕಾಗಲೆಲ್ಲ ಐಸ್ ಇರುವ ಕಡೆ ಹೋಗುತ್ತಾಳೆ, ಆಟ ಚೆನ್ನಾಗಿ ಬಂದಿದೆ.

ನಿಮ್ಮ ಮಗ ಪೂರ್ತಿ ವೇಗದಲ್ಲಿ ಬಂದು ಎರಡೂ ಬದಿಗೆ ತಿರುಗಿ ನೀಲಿ ಗೆರೆಯ ಮೇಲೆ ನಿಲ್ಲುವಂತಾದ ದಿನ ಖಾಸಗಿ ಟೂರ್ನಿಯ ಪತ್ರ ಮತ್ತೆ ಬಂದರೆ ಖಂಡಿತ ಕಳುಹಿಸಿ. ಈ ವರ್ಷದ ಪತ್ರಕ್ಕೆ ಬರುವುದಿಲ್ಲವೆಂದು ಉತ್ತರ ಬರೆದು, ಮುಂಗಡ ಕಟ್ಟಿದ್ದರೆ ಅದನ್ನು ಮರಳಿಸುವ ಕೊನೆಯ ದಿನಾಂಕ ಯಾವುದೆಂದು ಇವತ್ತೇ ನೋಡಿಕೊಳ್ಳಿ.